ಸ್ವಂತ ವಾಹನದಲ್ಲಿ ಪಿಸ್ತೂಲು

ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯವರಿಗೆ ಆಂಧ್ರದ ಗಡಿಯೆಂಬುದು ದೂರದ ಮಾತಲ್ಲ. ಮದುವೆ ಮುಂಜಿಗೆಂದೋ ವ್ಯಾಪಾರಕ್ಕೆಂದೋ ಬೆಳಿಗ್ಗೆ ಕಾರು ಹತ್ತಿದವರು ಮಧ್ಯಾಹ್ನದೊಳಗೆ ಎರಡು ರಾಜ್ಯಗಳ ನೆಲವನ್ನು ಮೆಟ್ಟಿ ಹಿಂತಿರುಗುವುದುಂಟು. ಹೀಗೆ ಹೋಗುವ ಕಾರಿನೊಳಗೆ ಒಂದು ಪಿಸ್ತೂಲೋ ರಿವಾಲ್ವರೋ ಇದ್ದುದಾದರೆ ಶಾಸನವು ಅದನ್ನು ಹೇಗೆ ಕಾಣುತ್ತದೆಂಬ ವಿಷಯದಲ್ಲಿ ತಿಳಿದವರೆನಿಸಿಕೊಂಡವರಲ್ಲಿಯೂ ತಪ್ಪು ತಿಳಿವಳಿಕೆ ಬಹಳವಾಗಿದೆ. ಲೈಸೆನ್ಸು ಇದೆ, ಗಾಡಿ ನಮ್ಮದೇ, ಇನ್ನು ಕೇಳುವವರು ಯಾರು ಎಂದು ಧೈರ್ಯವಾಗಿ ಹೇಳುವವರಿಗೆ ನಮ್ಮ ಶಾಸನದಲ್ಲಿ ಆಧಾರವಿಲ್ಲ.

1878ರಲ್ಲಿ ಲಾರ್ಡ್ ಲಿಟ್ಟನ್ನನ ಆಡಳಿತವು ತಂದ ಶಸ್ತ್ರಾಸ್ತ್ರ ಕಾಯಿದೆಯು ಭಾರತೀಯರಿಗೆ ಪರವಾನಗಿಯ ಕಟ್ಟನ್ನು ವಿಧಿಸಿ ಯೂರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಸ್ವತಂತ್ರ ಭಾರತವು ಅದನ್ನು ತೆಗೆದುಹಾಕಿ ರಚಿಸಿದ 1959ರ ಕಾಯಿದೆಯೇ, 1962ರ ಅಕ್ಟೋಬರ್ 1ರಿಂದ ಮೊದಲ್ಗೊಂಡು, ಅಲ್ಲಲ್ಲಿ ತಿದ್ದುಪಡಿಗೊಳ್ಳುತ್ತ, ಇಂದಿಗೂ ನಡೆದುಬಂದಿದೆ. ಬಂದೂಕನ್ನು ಇಟ್ಟುಕೊಳ್ಳುವುದಕ್ಕಾಗಲಿ ಒಯ್ಯುವುದಕ್ಕಾಗಲಿ ಪರವಾನಗಿ ಬೇಕೆಂಬುದು ಅದರ 3ನೆಯ ಪ್ರಕರಣದ ವಿಧಿ. ಈ ಪರವಾನಗಿಯು ವ್ಯಕ್ತಿಗೆ ದೊರೆಯುವುದೇ ಹೊರತು ವಾಹನಕ್ಕಲ್ಲ, ಮನೆತನಕ್ಕೂ ಅಲ್ಲ. ತಂದೆಯ ರಿವಾಲ್ವರನ್ನು ಕಾರಿನಲ್ಲಿಟ್ಟುಕೊಂಡು ಮಗನೊಬ್ಬನೇ ಊರೂರು ಸುತ್ತಿದರೆ ಆ ಮಗನು ಲೈಸೆನ್ಸಿಲ್ಲದವನೇ ಸರಿ. 2019ರ ತಿದ್ದುಪಡಿಯ ಅನಂತರ ಅಂಥ ಅಪರಾಧಕ್ಕೆ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದ, ಐದು ವರ್ಷದವರೆಗೂ ಹೋಗಬಹುದಾದ ಸೆರೆವಾಸವೂ ಜುಲ್ಮಾನೆಯೂ ಉಂಟು. ರಿಪೇರಿಗಾಗಿಯೋ ಲೈಸೆನ್ಸಿನ ನವೀಕರಣಕ್ಕಾಗಿಯೋ ಯಜಮಾನನ ಉಪಯೋಗಕ್ಕಾಗಿಯೋ ಮತ್ತೊಬ್ಬನು ಆಯುಧವನ್ನು ಒಯ್ಯಬಹುದೆಂದು ಅದೇ ಪ್ರಕರಣವು ಒಪ್ಪುತ್ತದೆ, ನಿಜ; ಆದರೆ ಯಜಮಾನನು ಜೊತೆಯಲ್ಲಿರಬೇಕು, ಇಲ್ಲವೆ ಅವನು ಬರೆದುಕೊಟ್ಟ ಅನುಮತಿಪತ್ರವಿರಬೇಕು. ಬಾಯಿಮಾತು ಸಾಲದು. ಆ ಪತ್ರದಲ್ಲಿ ಲೈಸೆನ್ಸಿನ ಸಂಖ್ಯೆ, ಆಯುಧದ ಮೇಲೆ ಕೆತ್ತಿರುವ ಸಂಖ್ಯೆ, ಒಯ್ಯುವ ಉದ್ದೇಶ, ದಿನಾಂಕ ಇವಿಷ್ಟನ್ನೂ ಕಾಣಿಸಿ ರುಜು ಹಾಕಿಕೊಡುವುದು ಉತ್ತಮ.

ಇದಕ್ಕಿಂತ ಗಂಭೀರವಾದುದೂ ಬಹು ಜನರು ಅರಿಯದುದೂ ಆದ ವಿಧಿಯೊಂದು 35ನೆಯ ಪ್ರಕರಣದಲ್ಲಿದೆ. ಹಲವರು ಕೂಡಿ ಬಳಸುತ್ತಿರುವ ಅಥವಾ ಹಲವರ ವಶದಲ್ಲಿರುವ ಮನೆಯಲ್ಲಾಗಲಿ ವಾಹನದಲ್ಲಾಗಲಿ ಅಕ್ರಮ ಆಯುಧವು ಸಿಕ್ಕಿದರೆ, ಅದು ಅಲ್ಲಿರುವುದನ್ನು ಬಲ್ಲವರೆಂದು ನಂಬಲು ಕಾರಣವಿರುವ ಪ್ರತಿಯೊಬ್ಬರೂ, ಅನ್ಯಥಾ ಸಿದ್ಧವಾಗದ ಹೊರತು, ತಾವೊಬ್ಬರೇ ಆ ಅಪರಾಧವನ್ನು ಮಾಡಿದಂತೆ ಹೊಣೆಗಾರರಾಗುತ್ತಾರೆ. ಲೈಸೆನ್ಸಿಲ್ಲದ ಪಿಸ್ತೂಲನ್ನು ಗೆಳೆಯನೊಬ್ಬನು ಸೀಟಿನಡಿಯಲ್ಲಿ ಇಡುವುದನ್ನು ಕಣ್ಣಾರೆ ಕಂಡೂ, ದಾಕ್ಷಿಣ್ಯಕ್ಕೆ ಸಿಲುಕಿ ಸುಮ್ಮನೆ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡಿದ ಕಾಲೇಜು ಹುಡುಗನೂ, ಸಂಬಳಕ್ಕೆ ಗಾಡಿ ಓಡಿಸುವ ಬಡ ಡ್ರೈವರನೂ ಈ ಬಲೆಯೊಳಗೆ ಬೀಳಬಹುದು. ಏನೂ ಅರಿಯದವನಿಗೆ ಶಿಕ್ಷೆಯಾಗಬೇಕೆಂಬುದು ಶಾಸನದ ಅಭಿಪ್ರಾಯವಲ್ಲ: ಆಯುಧವು ಒಬ್ಬನ ವಶದಲ್ಲಿತ್ತೆನ್ನಬೇಕಾದರೆ ಅವನಿಗೆ ಅದರ ಅರಿವಿರಬೇಕೆಂದು 1972ರಲ್ಲಿ ಮಧ್ಯಪ್ರದೇಶದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ. ಅದೇ ತೀರ್ಪು, ಆಯುಧವು ಕೈಯಲ್ಲೇ ಇರಬೇಕಾಗಿಲ್ಲ, ಬೇರೆಡೆ ಇದ್ದರೂ ಅದರ ಮೇಲೆ ಹತೋಟಿಯಿದ್ದರೆ ಸಾಕೆಂದೂ ಹೇಳಿರುವುದರಿಂದ, ಪಿಸ್ತೂಲನ್ನು ಗಾಡಿಯಲ್ಲಿ ಬಿಟ್ಟು ತಾನು ದೂರದಲ್ಲಿದ್ದೆನೆಂಬ ಸಮಜಾಯಿಷಿಯು ನಿಲ್ಲಲಾರದು.

ಇನ್ನು ಲೈಸೆನ್ಸು ಉಳ್ಳವನ ಮಾತು. ನಂಗಲಿಯ ಚೆಕ್‌ಪೋಸ್ಟಿನಲ್ಲಿ ಗಾಡಿಯನ್ನು ನಿಲ್ಲಿಸಿದ ಪೊಲೀಸ್ ಅಧಿಕಾರಿಯು 19ನೆಯ ಪ್ರಕರಣದಂತೆ ಲೈಸೆನ್ಸನ್ನು ತೋರಿಸೆಂದು ಕೇಳಬಲ್ಲನು. ತೋರಿಸದಿದ್ದರೆ ಆಯುಧವನ್ನು ವಶಪಡಿಸಿಕೊಳ್ಳಬಲ್ಲನು. ಲೈಸೆನ್ಸು ಇದ್ದರೂ, ದುಷ್ಕೃತ್ಯಕ್ಕಾಗಿ ಒಯ್ಯುತ್ತಿರುವನೆಂಬ ನ್ಯಾಯವಾದ ಸಂಶಯಕ್ಕೆ ಎಡೆಯಾದರೆ, 20ನೆಯ ಪ್ರಕರಣದ ಮೇರೆಗೆ ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ಲೈಸೆನ್ಸಿನಲ್ಲಿ ಅದು ಯಾವ ಪ್ರದೇಶಕ್ಕೆ ಸಲ್ಲುತ್ತದೆಂಬ ನಮೂದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಸೀಮಿತವಾದುದನ್ನು ಹಿಡಿದು ಗಡಿ ದಾಟಿದವನು ದಾಟಿದ ಕ್ಷಣದಲ್ಲೇ ಆ ರಕ್ಷಣೆಯನ್ನು ಕಳೆದುಕೊಳ್ಳುತ್ತಾನೆ. ಜಾತ್ರೆಗೂ ಧಾರ್ಮಿಕ ಮೆರವಣಿಗೆಗೂ ವಿದ್ಯಾಸಂಸ್ಥೆಯ ಆವರಣಕ್ಕೂ ವಿಶೇಷ ಅನುಮತಿಯಿಲ್ಲದೆ ಆಯುಧವನ್ನು ಒಯ್ಯಕೂಡದೆಂಬುದು ಲೈಸೆನ್ಸಿನ ಷರತ್ತುಗಳಲ್ಲಿ ಬಹುಕಾಲದಿಂದ ಬಂದುದು. ಮದುವೆಯ ದಿಬ್ಬಣದಲ್ಲಿ ಕಾರಿನ ಕಿಟಕಿಯಿಂದ ಆಕಾಶಕ್ಕೆ ಗುಂಡು ಹಾರಿಸುವ ಹುಚ್ಚಾಟಕ್ಕೆ 2019ರ ತಿದ್ದುಪಡಿಯು ಎರಡು ವರ್ಷದವರೆಗಿನ ಸೆರೆಯನ್ನೋ ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನೋ ಎರಡನ್ನೂ ಒಟ್ಟಿಗೋ ನಿಗದಿಮಾಡಿರುವುದು ಅತ್ಯಂತ ಯೋಗ್ಯವಾದ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ.

ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ ಎಂದು ಕೇಳುವವರುಂಟು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದಿದೆ. ಕೋಲಾರ ಜಿಲ್ಲೆಯ ನಿವಾಸಿಗಳಿಗೆ ಅಂಥ ವಿಶೇಷವೇನೂ ಇಲ್ಲ.

ಆದುದರಿಂದ ಆಯುಧವುಳ್ಳ ಓದುಗರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹೊರಡುವ ಮುನ್ನ ಲೈಸೆನ್ಸಿನ ಪುಟ ತೆರೆದು ಅವಧಿಯನ್ನೂ ಪ್ರದೇಶವನ್ನೂ ಓದಿರಿ, ಹೋಗುವ ಊರು ಆ ಪ್ರದೇಶದೊಳಗೆ ಸೇರದಿದ್ದರೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿರಿ, ಇಲ್ಲವೆ ಪಿಸ್ತೂಲನ್ನು ಠಾಣೆಯಲ್ಲೋ ಅಧಿಕೃತ ಬಂದೂಕು ವ್ಯಾಪಾರಿಯಲ್ಲೋ ಜಮೆ ಮಾಡಿ ರಸೀತಿ ಪಡೆದು ಹೊರಡಿರಿ. ಕಾರಿನಲ್ಲಿ ಪಿಸ್ತೂಲಿರುವ ಸಂಗತಿಯನ್ನೂ ಅದಕ್ಕೆ ಲೈಸೆನ್ಸಿರುವ ಸಂಗತಿಯನ್ನೂ ಜೊತೆಯಲ್ಲಿ ಬರುವವರಿಗೆ ಮೊದಲೇ ತಿಳಿಸಿರಿ; ಒಲ್ಲೆನೆಂದವರನ್ನು ಬಲವಂತದಿಂದ ಹತ್ತಿಸಿಕೊಳ್ಳಬೇಡಿರಿ.