ಇಂಡಿಯಾ ಪೇಲ್ ಏಲ್: ಕಹಿಯೂ ಬಲವೂ

ಇಂಡಿಯಾ ಪೇಲ್ ಏಲ್ ಎಂಬ ಬಿಯರಿನ ಹೆಸರಿನಲ್ಲಿ ನಮ್ಮ ದೇಶವಿದೆ. ಆದರೆ ಅದು ಇಲ್ಲಿ ಹುಟ್ಟಿದ್ದಲ್ಲ, ಇಲ್ಲಿದ್ದ ಆಂಗ್ಲರಿಗಾಗಿ ಇಂಗ್ಲೆಂಡಿನಲ್ಲಿ ತಯಾರಾದದ್ದು. ಇಂದು ಅದೇ ಹೆಸರಿನಲ್ಲಿ ನೂರಕ್ಕೆ ಮೂರೂವರೆ ಭಾಗ ಮದ್ಯಸಾರವಿರುವ ಪೇಯವೂ ಉಂಟು, ಹತ್ತು ಭಾಗವಿರುವ ಪೇಯವೂ ಉಂಟು. ಹೆಸರನ್ನು ನಂಬಿ ಲೋಟ ಎತ್ತಿದವನಿಗೆ ತಾನು ಎಷ್ಟು ಕುಡಿಯುತ್ತಿದ್ದೇನೆಂದು ತಿಳಿಯುವುದಿಲ್ಲ. ನಾಲಿಗೆಯನ್ನು ನಂಬಿದವನ ಪಾಡೂ ಅದಕ್ಕಿಂತ ಮೇಲಲ್ಲ. ಅದೇಕೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪೂರ್ವ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜ್‌ಸನ್ನನ ಬ್ರೂವರಿಯಿಂದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಕಪ್ತಾನರು ಬಿಯರನ್ನು ಕೊಂಡು ತರುತ್ತಿದ್ದರು. ತಿಂಗಳುಗಟ್ಟಲೆಯ ಕಡಲಯಾನದಲ್ಲಿ ಕೆಡದಿರಲೆಂದು ಅವನೇ ಈ ಬಿಯರನ್ನು ಕಂಡುಹಿಡಿದನೆಂಬ ಕಥೆ ಪ್ರಸಿದ್ಧವಾಗಿದೆ. ಕಥೆ ಸೊಗಸಾಗಿದೆ, ಆದರೆ ಪೋರ್ಟರ್ ಎಂಬ ಕಪ್ಪು ಬಿಯರೂ ಅದೇ ಹಡಗುಗಳಲ್ಲಿ ಸುಖವಾಗಿ ಬಂದು ಸೇರುತ್ತಿತ್ತು. ಹಾಪ್ಸ್ ಹೆಚ್ಚಾದರೆ ಬಿಯರ್ ಬಾಳುತ್ತದೆಂಬ ತಿಳಿವಳಿಕೆಯೂ ಹಾಡ್ಜ್‌ಸನ್ನನಿಗಿಂತ ಹಳೆಯದು. 1820ರ ದಶಕದಲ್ಲಿ ಬರ್ಟನ್ ಪಟ್ಟಣದ ಆಲ್ಸಪ್, ಬಾಸ್ ಮೊದಲಾದವರು ಈ ವ್ಯಾಪಾರಕ್ಕೆ ಇಳಿದರು. ಆ ಊರಿನ ಬಾವಿನೀರಿನಲ್ಲಿ ಜಿಪ್ಸಮ್ ಹೇರಳ. ಅದರಿಂದ ಹಾಪ್ಸಿನ ಕಹಿ ಚೊಕ್ಕವಾಗಿ ಎದ್ದು ಬರುತ್ತದೆ. ಆ ಕಾಲದ ಬಿಯರಿನ ಮದ್ಯಸಾರ ಶೇಕಡಾ 6ರ ಆಸುಪಾಸು. ಅಂದಿನ ಇಂಗ್ಲೆಂಡಿನಲ್ಲಿ ಅದೇನೂ ವಿಶೇಷ ಬಲವಲ್ಲ. ಮುಂದೆ ತೆರಿಗೆಯೂ ಮೊದಲ ಮಹಾಯುದ್ಧದ ನಿರ್ಬಂಧಗಳೂ ಸೇರಿ ಅಲ್ಲಿನ ಬಿಯರನ್ನು ತೆಳ್ಳಗಾಗಿಸಿದವು. ಹೆಸರು ಮಾತ್ರ ಹಾಗೆಯೇ ಉಳಿಯಿತು.

ಹಾಪ್ಸ್ ಎಂಬುದು ಒಂದು ಬಳ್ಳಿಯ ಹೆಣ್ಣುಹೂವು. ಅದರಲ್ಲಿರುವ ಹಳದಿ ರಾಳ ಬಹು ಹೊತ್ತು ಕುದಿದರೆ ಕಹಿ ಬಿಡುತ್ತದೆ. ಪರಿಮಳದ ತೈಲವೋ ಕುದಿಯಲ್ಲಿ ಹಾರಿಹೋಗುತ್ತದೆ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕುವ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಹಾಕಿದ ಹಾಪ್ಸ್ ಕಹಿಗೆ, ಕೊನೆಯಲ್ಲಿ ಅಥವಾ ತಣಿದ ಮೇಲೆ ಹಾಕಿದ್ದು ಘಮಕ್ಕೆ. ಮದ್ಯಸಾರದ ಮೂಲವೇ ಬೇರೆ: ಮೊಳೆತ ಬಾರ್ಲಿಯ ಸಕ್ಕರೆಯನ್ನು ಯೀಸ್ಟ್ ಹುದುಗಿಸುವುದರಿಂದ ಅದು ಬರುತ್ತದೆ. ಹೀಗಾಗಿ ಕಹಿಯನ್ನು ಕಂಡು ಬಲವನ್ನು ಊಹಿಸುವುದು ಕೂಡದು.

ಅನೇಕ ಕಡೆ, ಬೆಂಗಳೂರಿನ ಹಲವು ಕಿರು ಬ್ರೂವರಿಗಳಲ್ಲಿಯೂ, ಬಿಯರುಗಳ ಪಟ್ಟಿಯಲ್ಲಿ ಎರಡು ಅಂಕೆಗಳಿರುತ್ತವೆ. ಎ.ಬಿ.ವಿ. ಎಂಬುದು ಮದ್ಯಸಾರದ ಶೇಕಡಾ ಪ್ರಮಾಣ. ಐ.ಬಿ.ಯು. ಎಂಬುದು ಕಹಿಯ ಅಳತೆ. ಲೀಟರಿಗೆ ಸುಮಾರು ಎಷ್ಟು ಮಿಲಿಗ್ರಾಂ ಕಹಿಪದಾರ್ಥವೆಂಬ ಲೆಕ್ಕ. ಎರಡನೆಯದನ್ನು ತುಸು ಅನುಮಾನದಿಂದಲೇ ಓದಬೇಕೆಂಬುದು ನನ್ನ ಸಲಹೆ. ಹಾಗಲಕಾಯಿ ಗೊಜ್ಜಿಗೆ ಬೆಲ್ಲ ಹಾಕಿದರೆ ಕಾಯಿಯ ಕಹಿ ಎಲ್ಲಿಗೂ ಹೋಗುವುದಿಲ್ಲ, ನಾಲಿಗೆಗೆ ಕಡಿಮೆಯೆನಿಸುತ್ತದೆ, ಅಷ್ಟೆ. ಮಾಲ್ಟಿನ ಸಿಹಿ ಹೆಚ್ಚಿದ್ದರೆ 70ರ ಕಹಿಯೂ ಮೃದುವಾಗಿ ತೋರೀತು. ತೆಳ್ಳನೆಯ ಬಿಯರಿನಲ್ಲಿ 45ರ ಕಹಿಯೇ ಗಂಟಲು ಹಿಡಿದೀತು.

ಇಂದಿನ ಬಗೆಗಳು ಬಹುಮಟ್ಟಿಗೆ ಅಮೆರಿಕದ ಕೊಡುಗೆ. 1975ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಆಂಕರ್ ಬ್ರೂವರಿ, ಈ ಹೆಸರನ್ನು ಹಚ್ಚದೆಯೇ, ಕ್ಯಾಸ್ಕೇಡ್ ಎಂಬ ಹೊಸ ಹಾಪ್ಸ್ ಬಳಸಿ ಲಿಬರ್ಟಿ ಏಲ್ ತಯಾರಿಸಿತು. ಅದರಲ್ಲಿ ಕಿತ್ತಳೆ ಜಾತಿಯ ಹಣ್ಣಿನ ಘಮವಿತ್ತು. ಆ ದಾರಿಯಲ್ಲಿ ಬೆಳೆದ ಅಮೆರಿಕನ್ ಬಗೆ ಸಾಮಾನ್ಯವಾಗಿ ಶೇಕಡಾ 5.5ರಿಂದ 7.5. 1994ರಲ್ಲಿ ಕ್ಯಾಲಿಫೋರ್ನಿಯಾದ ವಿನ್ನಿ ಸಿಲುರ್ಜೊ ‘ಡಬಲ್’ ಬಗೆಯನ್ನು ಕಾಸಿದರು, ಅದು 7.5ರಿಂದ 10ರವರೆಗೂ ಏರುತ್ತದೆ. ‘ಸೆಷನ್’ ಎಂದಿದ್ದರೆ 5ರೊಳಗೆ. ಕಪ್ಪು ಬಗೆಯೂ ಒಂದಿದೆ. ‘ಪೇಲ್’ ಎಂದರೆ ನಸುಬಣ್ಣದ್ದು, ಅದು ಕಪ್ಪಾದದ್ದು ಹೇಗೆಂದು ಹೆಸರಿಟ್ಟವರನ್ನೇ ಕೇಳಬೇಕು.

ಎಚ್ಚರ ಬೇಕಾದದ್ದು ವರ್ಮಾಂಟಿನಿಂದ ಹಬ್ಬಿದ ಮಬ್ಬು ಬಗೆಯಲ್ಲಿ. ಅದಕ್ಕೆ ನ್ಯೂ ಇಂಗ್ಲೆಂಡ್ ಬಗೆ ಎಂದೂ ಹೆಸರಿದೆ. ಹಾಪ್ಸನ್ನು ಬಹುಪಾಲು ಕುದಿಯ ನಂತರವೇ ಹಾಕುವುದರಿಂದ ಕಹಿ ಅಡಗಿರುತ್ತದೆ. ಓಟ್ಸ್ ಮತ್ತು ಗೋಧಿಯಿಂದ ನುಣುಪು ಬರುತ್ತದೆ. ಬಾಯಿಗೆ ಮಾವಿನ ಹಣ್ಣಿನ ಪಾನಕದಂತೆ ತೋರುತ್ತದೆ. ಆ ಬಗೆಗೆ ದಾರಿ ತೋರಿದ ಹೆಡಿ ಟಾಪರ್ ಶೇಕಡಾ 8. ಇಂಗ್ಲೆಂಡಿನ ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ಅಷ್ಟರಲ್ಲಿ 3.6ರ ಬಿಯರಾದರೆ ಶುದ್ಧ ಮದ್ಯಸಾರ ಸುಮಾರು 20 ಮಿಲಿಲೀಟರ್, 8ರದಾದರೆ 45. ಕಹಿಯಾದದ್ದನ್ನು ಅಂಜಿ ಬಿಟ್ಟು, ಪಾನಕದಂಥದ್ದನ್ನು ಹಗುರವೆಂದು ಆರಿಸಿಕೊಂಡವನು ಒಂದೇ ಲೋಟದಲ್ಲಿ ಎರಡು ಲೋಟಕ್ಕಿಂತ ಹೆಚ್ಚನ್ನು ಕುಡಿದಿರುತ್ತಾನೆ. ಅವನು ಗಾಡಿ ಓಡಿಸಿಕೊಂಡು ಮನೆಗೆ ಹೊರಟರೆ ಗತಿಯೇನು? ಆದ್ದರಿಂದಲೇ ನಾನು ಬಗೆಯ ಹೆಸರಿಗಿಂತ ಮೊದಲು ಶೇಕಡಾವಾರನ್ನು ನೋಡಿ ಎನ್ನುತ್ತೇನೆ.

ಆಮೇಲೆ ತಯಾರಾದ ದಿನಾಂಕವನ್ನು ನೋಡಿ. ಹಾಪ್ಸಿನ ಪರಿಮಳ ಬಹು ಬೇಗ ಮಾಸುತ್ತದೆ. ಒಂದು ಕಾಲಕ್ಕೆ ಆಫ್ರಿಕಾವನ್ನು ಸುತ್ತಿಕೊಂಡು ನಮ್ಮ ಬಂದರುಗಳಿಗೆ ಬರುತ್ತಿದ್ದ ಬಿಯರಿನ ಹೆಸರನ್ನೇ ಹೊತ್ತ ಡಬ್ಬಿಗಳಲ್ಲಿ ಇಂದು ಅನೇಕವು, ತಂಪಿನಲ್ಲಿಟ್ಟು ತಾಜಾ ಇರುವಾಗಲೇ ಮುಗಿಸಿರೆಂದು ಹೇಳುತ್ತವೆ.