ಹಾರುವ ಕಸುಬಿನ ಜಮಾಖರ್ಚು

ಪ್ರಯಾಣಿಕರ ವಿಮಾನ ಬಂದಿಳಿಯುವ ನಿಲ್ದಾಣ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಲ್ಲ. ಜಿಲ್ಲಾ ಕೇಂದ್ರಕ್ಕೆ ರೈಲು ಬಂದದ್ದೇ 2013ರಲ್ಲಿ. ಹೀಗಿದ್ದೂ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರ, ಮೂಡಿಗೆರೆ, ಕಳಸದ ಕಡೆಯ ತಂದೆತಾಯಿಗಳು ವಿಮಾನದ ಚಿತ್ರವಿರುವ ಬಣ್ಣದ ಪತ್ರಿಕೆಗಳನ್ನು ಕೈಯಲ್ಲಿ ಹಿಡಿದು ನನ್ನಂಥ ನಿವೃತ್ತ ಉಪಾಧ್ಯಾಯರ ಮನೆಗೆ ಬರುತ್ತಾರೆ. ಅವರು ಕೇಳುವುದು ಒಂದೇ ಮಾತು: ಈ ಸರ್ಟಿಫಿಕೇಟಿಗೆ ಇಷ್ಟು ಹಣ ಕೊಡಬಹುದೇ?

ಕಾಫಿ ಬೆಳೆದವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಗಿಡ ನೆಟ್ಟ ಮೇಲೆ ಮೂರು ನಾಲ್ಕು ವರ್ಷ ಕೇವಲ ಖರ್ಚು. ಆಮೇಲೆ ಫಸಲು ಬಂದರೂ ಬೆಲೆ ನಮ್ಮ ಕೈಯಲ್ಲಿಲ್ಲ. ಈ ಶತಮಾನದ ಆರಂಭದಲ್ಲಿ ಆ ಬೆಲೆ ಹೇಗೆ ಕುಸಿಯಿತೆಂಬುದನ್ನೂ, 2024ರ ಕೊನೆಯಲ್ಲಿ ಹೇಗೆ ಏರಿತೆಂಬುದನ್ನೂ ಬಲ್ಲವರು ಅವರು. ಆದರೆ ತೋಟದಲ್ಲಿ ಗಿಡ ಕಣ್ಣೆದುರಿಗೆ ಇರುತ್ತದೆ, ಒಣಗಿದರೆ ಗೊತ್ತಾಗುತ್ತದೆ. ವಿದ್ಯೆಯ ಪೇಟೆಯಲ್ಲಿ ಕೊಂಡ ಸಸಿ ಫಲ ಕೊಡುವ ಜಾತಿಯದೋ ಅಲ್ಲವೋ ಎಂದು ತಿಳಿಯುವುದು ಹಣ ಕೊಟ್ಟ ಬಳಿಕ. ಆದುದರಿಂದ ಬಂದವರಿಗೆಲ್ಲ ನಾನೊಂದು ಪ್ರಶ್ನೆ ಹಾಕುತ್ತೇನೆ: ಈ ಪತ್ರವಿಲ್ಲದೆ ಆ ಕೆಲಸ ಮಾಡಲು ಕಾನೂನು ಬಿಡುತ್ತದೆಯೇ, ಇಲ್ಲವೇ?

ಗಗನಸಖಿಯ ಕೆಲಸವನ್ನೇ ನೋಡಿ. ಪಿ.ಯು.ಸಿ. ಮುಗಿದಿರಬೇಕು, 18 ವರ್ಷ ತುಂಬಿರಬೇಕು, ದೇಹಾರೋಗ್ಯ ಸರಿಯಿರಬೇಕು. ಬೆಂಕಿ ನಂದಿಸುವುದು, ತುರ್ತು ಬಾಗಿಲು ತೆರೆಯುವುದು, ಪ್ರಥಮ ಚಿಕಿತ್ಸೆ ಮಾಡುವುದು ಇವೆಲ್ಲವನ್ನೂ ಆಯ್ಕೆ ಮಾಡಿಕೊಂಡ ವಿಮಾನ ಸಂಸ್ಥೆಯೇ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪಿದ ಕ್ರಮದಲ್ಲಿ, ಕಲಿಸಬೇಕು. ಪೇಟೆಯ ಮಹಡಿಯ ಮೇಲೆ ವರ್ಷಕಾಲ ನಡೆಯುವ ಡಿಪ್ಲೊಮಾವನ್ನು ಯಾವ ನಿಯಮವೂ ಕೇಳುವುದಿಲ್ಲ. ನಿಲ್ದಾಣದ ಕೌಂಟರಿನಲ್ಲಿ ನಿಲ್ಲುವ ಕೆಲಸಕ್ಕೂ ಹಾಗೆಯೇ. ಒಳಗೆ ಓಡಾಡುವ ಗುರುತುಪತ್ರ ಕೆಲಸ ಸಿಕ್ಕಿದ ಮೇಲೆ ಯಜಮಾನ ಸಂಸ್ಥೆಯ ಮೂಲಕ ದೊರೆಯುವಂಥದು. ನನಗೆ ಪರಿಚಯದ, ಕಳಸದ ಕಡೆಯ ಹುಡುಗಿಯೊಬ್ಬಳು ಒಂದೂವರೆ ಲಕ್ಷ ಕೊಟ್ಟು ಇಂಥ ಡಿಪ್ಲೊಮಾ ಪಡೆದಳು. ಬೆಂಗಳೂರಿನಲ್ಲಿ ಅವಳೊಡನೆ ಆಯ್ಕೆಯಾದವಳು ಬಿ.ಕಾಂ. ಮುಗಿಸಿ ನೇರವಾಗಿ ಸಂದರ್ಶನಕ್ಕೆ ಬಂದವಳು. ಇಬ್ಬರಿಗೂ ಒಂದೇ ತರಬೇತಿ, ಒಂದೇ ಸಂಬಳ. ಡಿಪ್ಲೊಮಾದಿಂದ ಏನೂ ಆಗಲಿಲ್ಲವೆಂದು ನಾನು ಹೇಳಲಾರೆ. ಇಂಗ್ಲಿಷಿನಲ್ಲಿ ತಡವರಿಸದೆ ಮಾತಾಡುವ ಧೈರ್ಯ ಅವಳಿಗೆ ಅಲ್ಲಿ ಬಂತು. ಧೈರ್ಯಕ್ಕೆ ಒಂದೂವರೆ ಲಕ್ಷ ಹೆಚ್ಚೋ ಕಡಿಮೆಯೋ ಎಂಬುದನ್ನು ಅವರವರ ಮನೆಯವರೇ ಅಳೆಯಬೇಕು. ಆದರೆ ಅಳೆಯುವಾಗ ಅದು ಧೈರ್ಯದ ಬೆಲೆ, ಉದ್ಯೋಗದ ಬೆಲೆಯಲ್ಲ ಎಂಬುದು ತಿಳಿದಿರಬೇಕು.

ಪೈಲಟನ ಮಾತು ಬೇರೆ. ಇಲ್ಲಿ ಪರವಾನಗಿಯಿಲ್ಲದೆ ಹೆಜ್ಜೆ ಇಡುವಂತಿಲ್ಲ. ವಾಣಿಜ್ಯ ಪೈಲಟನಾಗಲು ಭೌತಶಾಸ್ತ್ರ, ಗಣಿತಗಳನ್ನು ಓದಿ ಪಿ.ಯು.ಸಿ. ತೇರ್ಗಡೆಯಾಗಿರಬೇಕು, 200 ಗಂಟೆ ಹಾರಿರಬೇಕು, ವಾಯುಸಂಚಾರ, ಹವಾಮಾನ, ವಿಮಾನ ನಿಯಮ ಮೊದಲಾದ ಪರೀಕ್ಷೆಗಳಲ್ಲಿ ನೂರಕ್ಕೆ 70 ಅಂಕ ಪಡೆಯಬೇಕು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹುಟ್ಟಿದ ಜಕ್ಕೂರಿನ ಸರ್ಕಾರಿ ಶಾಲೆಯ ಹೆಸರು ನಮ್ಮಲ್ಲಿ ಹಳಬರಿಗೆಲ್ಲ ಗೊತ್ತು. ರಾಯಬರೇಲಿಯ ಬಳಿ ಫುರ್ಸತ್‌ಗಂಜಿನಲ್ಲಿ ಕೇಂದ್ರ ಸರ್ಕಾರದ ಅಕಾಡೆಮಿಯಿದೆ. ಖಾಸಗಿ ಶಾಲೆಗಳು ಹಲವು. ಎಲ್ಲಿ ಕಲಿತರೂ ಸುಮಾರು 40ರಿಂದ 60 ಲಕ್ಷ ರೂಪಾಯಿ ಬೇಕು. ಅಷ್ಟಕ್ಕೆ ಮುಗಿಯಿತೆಂದು ಬಹುಮಂದಿ ತಿಳಿಯುತ್ತಾರೆ. ಪರವಾನಗಿ ಪಡೆದವನು ಒಡನೆಯೇ ದೊಡ್ಡ ವಿಮಾನ ಹಾರಿಸಲಾರ. ಏರ್‌ಬಸ್ಸೋ ಬೋಯಿಂಗೋ, ಆಯಾ ಜಾತಿಯ ವಿಮಾನಕ್ಕೆ ಪ್ರತ್ಯೇಕ ಅರ್ಹತೆ ಪಡೆಯಬೇಕು. ಅದಕ್ಕೆ ಮತ್ತೆ ಹತ್ತಾರು ಲಕ್ಷ, ಅನೇಕ ಸಲ ಕಲಿಯುವವನ ಕೈಯಿಂದಲೇ.

ಮೊದಲ ಖರ್ಚನ್ನಷ್ಟೇ ಹಿಡಿದು ಲೆಕ್ಕ ಹಾಕೋಣ. ತೋಟವನ್ನು ಆಧಾರವಾಗಿಟ್ಟು ನೂರಕ್ಕೆ 10ರ ಬಡ್ಡಿಯಲ್ಲಿ 60 ಲಕ್ಷ ಸಾಲ ತೆಗೆದು ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 79 ಸಾವಿರ. ಸಹಪೈಲಟನಿಗೆ ಲಕ್ಷ ಮೀರಿದ ಸಂಬಳವಿರುವುದರಿಂದ, ಕೆಲಸ ಸಿಕ್ಕರೆ ಕಂತು ಹೊರೆಯಲ್ಲ. ಸಿಗದೆ ಕಾಯುವ ಪ್ರತಿ ವರ್ಷಕ್ಕೆ ಬಡ್ಡಿಯೊಂದೇ 6 ಲಕ್ಷ ಬೆಳೆಯುತ್ತದೆ. ಕಾಯಬೇಕಾಗುವುದು ಸೋಮಾರಿತನದಿಂದಲೇ ಅಲ್ಲ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಹರಿದು ಹೋಗುವ ಗೊರೂರಿನವರು ಕ್ಯಾಪ್ಟನ್ ಗೋಪಿನಾಥರು. ಶಾಲಾ ಉಪಾಧ್ಯಾಯರ ಮಗ. ಅವರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದಾಗ ಸಾಮಾನ್ಯನೂ ವಿಮಾನ ಹತ್ತುವ ಕಾಲ ಬಂತೆಂದು ಎಲ್ಲರೂ ಹಿಗ್ಗಿದರು. ಆ ಸಂಸ್ಥೆ ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ. ನಡುವೆ 2020ರಲ್ಲಿ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕರ ವಿಮಾನ ಸಂಚಾರವೇ ಇರಲಿಲ್ಲ. ಒಂದೊಂದು ಸಂಸ್ಥೆ ಮುಚ್ಚಿದಾಗಲೂ ಸಾವಿರಾರು ಗಂಟೆಯ ಅನುಭವವುಳ್ಳವರು ಬೀದಿಗೆ ಬರುತ್ತಾರೆ. 200 ಗಂಟೆಯ ಹುಡುಗ ಅವರ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಇಷ್ಟಾದರೂ ಮಗನಿಗೋ ಮಗಳಿಗೋ ನಿಜವಾದ ಹಂಬಲವಿದ್ದರೆ ಮೊದಲು ವೈದ್ಯಕೀಯ ಪರೀಕ್ಷೆ ಮಾಡಿಸಿ ಎನ್ನುತ್ತೇನೆ. ಬಣ್ಣ ಗುರುತಿಸುವ ಕಣ್ಣಿನ ದೋಷ ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮೇಲೆ ತಿಳಿಯುವುದಕ್ಕಿಂತ ಮುಂಚೆಯೇ ತಿಳಿಯುವುದು ಮೇಲು.

ವಿಮಾನ ದುರಸ್ತಿಯ ಎಂಜಿನಿಯರನ ವಿಚಾರ ನಮ್ಮ ಕಡೆ ಯಾರೂ ಕೇಳುವುದಿಲ್ಲ. ಆ ಪತ್ರಿಕೆಯ ಮೇಲೆ ಕೋಟು ಟೊಪ್ಪಿಗೆಯ ಚಿತ್ರವಿಲ್ಲದ್ದೇ ಕಾರಣವಿರಬೇಕು. ದುರಸ್ತಿಯಾದ ವಿಮಾನ ಹಾರಬಹುದೆಂದು ರುಜು ಹಾಕಲು ಕಾನೂನು ಪರವಾನಗಿ ಕೇಳುತ್ತದೆ. ಪರೀಕ್ಷೆಯ ಪ್ರತಿ ಭಾಗದಲ್ಲೂ 75 ಅಂಕ ಬೇಕು. ಖರ್ಚು ಪೈಲಟನ ತರಬೇತಿಯ ಒಂದು ಸಣ್ಣ ಪಾಲು. ಪರವಾನಗಿಗೆ ಮುನ್ನ ವರ್ಷಗಟ್ಟಲೆ ಅಲ್ಪ ಭತ್ಯದಲ್ಲಿ ಹ್ಯಾಂಗರಿನಲ್ಲಿ ದುಡಿಯಬೇಕು, ನಡುದಾರಿಯಲ್ಲಿ ನಿಂತುಹೋದವರೂ ಬಹಳ. ಆದರೂ ಹಣವನ್ನೂ ಅಪಾಯವನ್ನೂ ಒಟ್ಟಿಗೆ ತೂಗಿದರೆ ನನ್ನ ತಕ್ಕಡಿ ಈ ಕಡೆಗೇ ವಾಲುತ್ತದೆ.

ಕೊನೆಗೆ ಊರು ಬಿಡದವರ ಮಾತು. 2021ರ ಡ್ರೋನ್ ನಿಯಮಗಳು ಬಂದಂದಿನಿಂದ ಔಷಧಿ ಸಿಂಪಡಿಸುವ ಗಾತ್ರದ ಡ್ರೋನ್ ಹಾರಿಸುವವನಿಗೆ ದೂರಚಾಲಕ ಪ್ರಮಾಣಪತ್ರ ಬೇಕು. ಹತ್ತನೆಯ ತರಗತಿ ಪಾಸಾಗಿ 18 ತುಂಬಿದ್ದರೆ ಸಾಕು. ಕಲಿಕೆ ಕೆಲವೇ ದಿನಗಳದು, ಶುಲ್ಕ ಸಾವಿರಗಳಲ್ಲಿ. ಪತ್ರ ಹತ್ತು ವರ್ಷ ನಡೆಯುತ್ತದೆ. ನನ್ನ ಪ್ರಶ್ನೆಗೆ ಇದು ಸರಿಯಾಗಿಯೇ ಉತ್ತರ ಕೊಡುತ್ತದೆ. ಆದರೆ ದುಬಾರಿಯಾದದ್ದು ಪತ್ರವಲ್ಲ, ಲಕ್ಷಗಟ್ಟಲೆಯ ಯಂತ್ರ. ಮತ್ತು ನಮ್ಮ ಬೆಟ್ಟಗಳ ಸ್ವಭಾವ. ಕಾಫಿ ಗಿಡ ಸಿಲ್ವರ್ ಓಕ್, ಅತ್ತಿ, ಹಲಸುಗಳ ನೆರಳಲ್ಲಿದೆ. ಮೇಲಿನಿಂದ ಸುರಿದ ಔಷಧಿಯ ಬಹುಪಾಲು ನೆರಳಿನ ಮರಕ್ಕೇ ಅಭಿಷೇಕ. ಅಡಿಕೆಯ ಗೊನೆ ಸೋಗೆಯ ಬುಡದಲ್ಲಿ ಅಡಗಿದೆ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ನರು ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ತೋರಿಸಿಕೊಟ್ಟಂದಿನಿಂದ ಗೊನೆ ಗೊನೆಗೂ ದ್ರಾವಣ ಅಂಟಬೇಕೆಂಬುದೇ ನಿಯಮ. ಮರ ಹತ್ತುವವರು ಕಡಿಮೆಯಾದ ಕಾಲದಲ್ಲಿ ಯಂತ್ರದ ಆಸೆ ಸಹಜ. ಆದರೆ ನೆಲದ ಮೇಲೆ ನಿಂತೇ ಕಾರ್ಬನ್ ದೋಟಿಯಲ್ಲಿ ಸಿಂಪಡಿಸುವವನೂ ಈಗ ಅದಕ್ಕೆ ಪೈಪೋಟಿ. ಮುಂಗಾರಿಗೆ ಮುನ್ನ ಒಮ್ಮೆ, ಮಳೆಯ ನಡುವಿನ ಬಿಡುವಿನಲ್ಲಿ ಇನ್ನೊಮ್ಮೆ, ಕಳಸದಲ್ಲಿ ವರ್ಷಕ್ಕೆ ಕೆಲಸ ಅಷ್ಟೇ. ಕಂತು ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. ಈ ಪತ್ರ ಪಡೆಯುವ ಮಲೆನಾಡಿನ ಹುಡುಗ ಯಂತ್ರವನ್ನು ಜೀಪಿನಲ್ಲಿ ಹೇರಿಕೊಂಡು ಘಟ್ಟ ಇಳಿದು, ಕಡೂರು ಬಯಲಿನ ಜೋಳ, ಈರುಳ್ಳಿಯ ಹೊಲಗಳಿಗೆ ಹೋಗಲು ಸಿದ್ಧನಿರಬೇಕು. ಸಿದ್ಧನಿದ್ದೇನೆ ಎಂದವನಿಗೆ, ಯಂತ್ರವನ್ನು ಒಬ್ಬನೇ ಕೊಳ್ಳದೆ ನಾಲ್ವರು ಸೇರಿ ಕೊಳ್ಳಿರೆಂದು ಹೇಳಿ ಕಳಿಸುತ್ತೇನೆ.