ಫೈನ್ ಕಟ್ಟಿದ ಮಾತ್ರಕ್ಕೆ ಲೈಸೆನ್ಸ್ ವಾಪಸ್ ಬರಲ್ಲ

ನಮ್ಮ ಆರ್‌ಪಿಸಿ ಲೇಔಟ್‌ನಲ್ಲಿ ನಾನು ವಕೀಲೆ ಅಂತ ಗೊತ್ತಿರೋದರಿಂದ ಗೇಟಿನ ಹತ್ತಿರವೇ ನಿಲ್ಲಿಸಿ ಕಾನೂನು ಕೇಳುವವರಿಗೆ ಕೊರತೆಯಿಲ್ಲ. ಈಚೆಗೆ ಪಕ್ಕದ ಬೀದಿಯ ತಾಯಿಯೊಬ್ಬರು ಕೇಳಿದರು: "ಅಕ್ಕಾ, ಹೆಲ್ಮೆಟ್ ಇಲ್ಲ ಅಂತ ಮಗನಿಗೆ ಫೈನ್ ಹಾಕಿದ್ರು, ಕಟ್ಟಿದ್ದಾಯ್ತು. ಆದ್ರೂ ಲೈಸೆನ್ಸ್ ಸಸ್ಪೆಂಡ್ ಅಂತೆ. ಓಡಿಸದಿದ್ರೆ ಕೆಲಸ ಹೋಗತ್ತೆ, ಓಡಿಸಿದ್ರೆ ಏನಾಗತ್ತೆ?" ಹುಡುಗ ಮನೆಮನೆಗೆ ಊಟ ತಲುಪಿಸುವ ಕೆಲಸದಲ್ಲಿದ್ದಾನೆ. ಗಾಡಿ ತಾಯಿಯ ಹೆಸರಲ್ಲಿದೆ.

ಹೆಚ್ಚಿನವರು ಎಡವೋದು ಇಲ್ಲೇ. ದಂಡ ಬೇರೆ, ಅಮಾನತು ಬೇರೆ. ಮೋಟಾರು ವಾಹನ ಕಾಯ್ದೆಯ 194ಡಿ ಕಲಂ ಹೆಲ್ಮೆಟ್ ಇಲ್ಲದವರಿಗೆ ದಂಡದ ಜೊತೆಗೆ ಮೂರು ತಿಂಗಳ ಅನರ್ಹತೆಯನ್ನೂ ಹೇಳುತ್ತದೆ. ನಮ್ಮ ಸಾರಿಗೆ ಇಲಾಖೆ 2020ರ ಅಕ್ಟೋಬರ್‌ನಲ್ಲೇ ಇದನ್ನು ಜಾರಿಗೆ ತರಲು ಆದೇಶಿಸಿತ್ತು. ದಂಡ ಕಟ್ಟಿದರೂ ಲೈಸೆನ್ಸ್ ಮೇಲಿನ ಕ್ರಮ ನಿಲ್ಲುವುದಿಲ್ಲ ಅಂತ 200ನೇ ಕಲಂನಲ್ಲೇ ಬರೆದಿದೆ.

ಆ ಅವಧಿಯಲ್ಲಿ ಗಾಡಿ ಓಡಿಸಿದರೆ 182ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ದಂಡ ಬರೀ 500 ರೂಪಾಯಿ ಇತ್ತು. ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕರ ಮೇಲೂ 180ನೇ ಕಲಂ ಬರುತ್ತದೆ. ಅಂದರೆ ಕೇಸು ಆ ತಾಯಿಯ ಮೇಲೂ! ಇದನ್ನು ಕೇಳಿ ಅವರು ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟರು.

ಇದಕ್ಕಿಂತ ನನಗೆ ಭಯ ಇನ್ಶೂರೆನ್ಸ್‌ದು. ಈ ಮೂರು ತಿಂಗಳಲ್ಲಿ ಯಾರಿಗಾದರೂ ಗುದ್ದಿದರೆ, ಗಾಯಾಳುವಿಗೆ ವಿಮಾ ಕಂಪನಿ ಪರಿಹಾರ ಕೊಟ್ಟರೂ ಆಮೇಲೆ ಆ ದುಡ್ಡನ್ನು ಮಾಲೀಕರಿಂದ ವಸೂಲಿ ಮಾಡಬಹುದು. ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಈ ದಾರಿ ತೋರಿಸಿದೆ. ಲಕ್ಷಗಟ್ಟಲೆ ವಸೂಲಿಗೆ ಬಂದರೆ ಮನೆ ಮಾರಬೇಕಾದೀತು.

ಹಾಗಾದರೆ ದಾರಿ? ಆರ್‌ಟಿಒ ನೋಟಿಸ್ ಬಂದರೆ ಡ್ರಾಯರ್‌ಗೆ ಹಾಕಬೇಡಿ. ಆದೇಶ ಮಾಡುವ ಮೊದಲು ನಿಮ್ಮ ಮಾತು ಕೇಳಬೇಕು ಅಂತ 19ನೇ ಕಲಂ ಹೇಳುತ್ತದೆ. ಗಾಡಿ ಆಗಲೇ ಮಾರಿದ್ದರೆ, ಓಡಿಸಿದ್ದು ಬೇರೆಯವರಾಗಿದ್ದರೆ, ನಂಬರ್ ತಪ್ಪಾಗಿದ್ದರೆ ದಾಖಲೆ ಸಮೇತ ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಕಿದ್ದೀನಿ ಅಂತ ಗಾಡಿ ತೆಗೆಯೋ ಹಾಗಿಲ್ಲ, ತಡೆಯಾಜ್ಞೆ ಸಿಗಬೇಕು. ಲೈಸೆನ್ಸ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ಪರಿವಾಹನ್ ಜಾಲತಾಣದಲ್ಲಿ ಮನೆಯಲ್ಲೇ ನೋಡಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಫೋನ್ ಮಾಡಿ. ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ ಅದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೇಳುವ ಹಕ್ಕಿದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ ನೋಡಿ.

ಆ ಹುಡುಗನಿಗೆ ಆದೇಶ ಬಂದು ಹನ್ನೊಂದು ದಿನವಾಗಿತ್ತು, ಮೇಲ್ಮನವಿಗೆ ಸಮಯವಿತ್ತು. ಆದರೆ ಫೋಟೋದಲ್ಲಿ ಗಾಡಿ ಅವರದೇ, ಬರಿ ತಲೆಯೂ ಅವನದೇ. ಹೊಟ್ಟೆಪಾಡು ಅಂದರೆ ಕಾಯ್ದೆಯ ಮೂರು ತಿಂಗಳು ಕಡಿಮೆಯಾಗಲ್ಲ. ಸುಮ್ಮನೆ ಖರ್ಚು, ಬೇಡ ಅಂದೆ. ಈಗ ವಿಜಯನಗರದ ಹೋಟೆಲೊಂದರಲ್ಲಿ ಪಾರ್ಸೆಲ್ ಕಟ್ಟುತ್ತಿದ್ದಾನೆ. ಗಾಡಿಯ ಕೀ ತಾಯಿಯ ಹತ್ತಿರವಿದೆ.